ನೀರಕ್ಕ ಮೂಸಿದ ಎರಡು ಲೋಟ

ಆ ಊರಿನಲ್ಲಿ ನಲ್ಲಿಯ ನೀರು ಕೊಂಚ ಬಣ್ಣಗೆಟ್ಟರೆ ಜನ ಇಂಜಿನಿಯರನ್ನು ಕೇಳುತ್ತಿರಲಿಲ್ಲ, ಪುರಸಭೆಯ ಅಧ್ಯಕ್ಷರನ್ನಂತೂ ಕೇಳುತ್ತಲೇ ಇರಲಿಲ್ಲ. “ನೀರಕ್ಕ ಮೂಸಿದ್ದಾಳಾ?” ಎಂದು ಪಕ್ಕದ ಮನೆಯವರನ್ನು ಕೇಳಿ, ಹೌದೆಂದರೆ ಕುಡಿಯುತ್ತಿದ್ದರು, ಇಲ್ಲವೆಂದರೆ ಕೊಡವನ್ನು ಗಟಾರಕ್ಕೆ ಬಗ್ಗಿಸುತ್ತಿದ್ದರು. ಒಂದು ಊರಿಗೆ ಊರೇ ಇಪ್ಪತ್ತೊಂಬತ್ತು ವರ್ಷ ಒಬ್ಬ ಹೆಂಗಸಿನ ಮೂಗನ್ನು ನಂಬಿ ಬಾಯಿ ತೆರೆದಿತ್ತೆಂದರೆ ಹೊರಗಿನವರು ನಕ್ಕಾರು. ಆ ಹೆಂಗಸು ಮಾತ್ರ ಅದರ ಬಗ್ಗೆ ಒಮ್ಮೆಯೂ ನಕ್ಕವಳಲ್ಲ.

ಬೆಳಗಿನ ಐದು ಗಂಟೆಗೆ, ಬೀದಿಗಳಿಗೆ ನೀರು ಬಿಡುವ ಮೊದಲು, ಅವಳು ಪಂಪ್‌ಹೌಸಿನ ನಲ್ಲಿಯ ಮುಂದೆ ನಿಲ್ಲುತ್ತಿದ್ದಳು. ಉಕ್ಕಿನ ಲೋಟವನ್ನು ಮೂರು ಸಲ ತೊಳೆದು, ನಾಲ್ಕನೆಯ ಸಲ ಅರ್ಧ ತುಂಬಿ, ಅಂಗೈಯಿಂದ ಅದರ ಬಾಯಿ ಮುಚ್ಚಿ, ನೂರು ಎಣಿಸುವ ತನಕ ಹಾಗೆಯೇ ಹಿಡಿದಿರುತ್ತಿದ್ದಳು. ತಣ್ಣಗಿನ ನೀರು ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಕೈಯ ಬಿಸಿ ತಗುಲಿದ ಮೇಲೆ ಬಾಯಿಬಿಡುತ್ತದೆ. ಅನಂತರ ಅಂಗೈ ಸರಿಸಿ ಒಮ್ಮೆ ಮೂಸಿ, ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ಉಗುಳಿ, ದಪ್ಪ ರಟ್ಟಿನ ಪುಸ್ತಕದಲ್ಲಿ ತಾರೀಖಿನ ಮುಂದೆ ಮೊದಲು ನಲ್ಲಿಯ ಹೆಸರನ್ನೂ ಆಮೇಲೆ ತೀರ್ಪನ್ನೂ ಬರೆಯುತ್ತಿದ್ದಳು: “ಉತ್ತರದ ಬಾವಿ — ಸರಿ.” ಸರಿ ಎಂದ ದಿನ ಅವಳ ಕೈಯಲ್ಲಿದ್ದ ಆಳುದ್ದದ ಕಬ್ಬಿಣದ ಕೀಲಿ ಕೆಳಬೀದಿಯ ವಾಲ್ವನ್ನು ತಿರುಗಿಸುತ್ತಿತ್ತು. ಸರಿಯಿಲ್ಲವೆಂದ ದಿನ ಊರು ಬೈದುಕೊಳ್ಳುತ್ತ ಕಾಯುತ್ತಿತ್ತು, ಬೈದುಕೊಂಡರೂ ಕಾಯುತ್ತಿತ್ತು. ಈ ಕೆಲಸಕ್ಕಾಗಿ ಅವಳು ಸುವಾಸನೆಯ ಸೋಪು ಬಿಟ್ಟಿದ್ದಳು, ತಲೆಗೆ ಎಣ್ಣೆ ಬಿಟ್ಟಿದ್ದಳು, ರಾತ್ರಿಯೂಟಕ್ಕೆ ಈರುಳ್ಳಿ ಬಿಟ್ಟಿದ್ದಳು. ಚಹಾವೂ ಆರು ಗಂಟೆಯ ನಂತರವೇ.

ಅವಳು ಹುಟ್ಟುತ್ತಲೇ ಈ ಕೆಲಸಕ್ಕೆ ಬಂದವಳಲ್ಲ. ಪಂಪ್ ನಡೆಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಎರಡು ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅದೇ ಪಂಪ್‌ಹೌಸಿನ ನೆಲ ಗುಡಿಸಲು ಬಂದಳು. ಅಲ್ಲಿ ಒಬ್ಬ ವಯಸ್ಸಾದ ನೀರು ಪರೀಕ್ಷಕರಿದ್ದರು. ಬೆಳಿಗ್ಗೆ ಲೋಟ ಎತ್ತಿ ಮೂಸಿ “ಸರಿ” ಎಂದು ಬರೆಯುವುದು ಅವರ ಕೆಲಸ. ಒಂದು ದಿನ ಕಸಬರಿಗೆ ಹಿಡಿದು ನಿಂತಿದ್ದ ಇವಳು, “ಸಾರ್, ತಪ್ಪು ತಿಳೀಬೇಡಿ, ನೀರಲ್ಲಿ ಸತ್ತ ಇಲಿ ವಾಸನೆ ಬರ್ತಿದೆ” ಎಂದಳು. ಅವರು ಅದಾಗಲೇ “ಸರಿ” ಎಂದು ಬರೆದು ಪುಸ್ತಕ ಮುಚ್ಚಿದ್ದರು. ಸಿಟ್ಟಾಗಲಿಲ್ಲ, ಸುಮ್ಮನೆ ಎದ್ದು ಹೋಗಿ ತೊಟ್ಟಿಯ ಮುಚ್ಚಳ ತೆಗೆಸಿದರು. ಹೆಗ್ಗಣವೊಂದು ಉಬ್ಬಿ ತೇಲುತ್ತಿತ್ತು. ಕ್ಲೋರಿನ್ ಹೊಗೆಯಲ್ಲಿ ಕೆಲಸ ಮಾಡಿ ಅವರ ಮೂಗು ಸುಟ್ಟುಹೋಗಿ ಆರು ವರ್ಷಗಳಾಗಿದ್ದವು. ಕೆಲಸ ಹೋದೀತೆಂಬ ಭಯದಿಂದ ಯಾರಿಗೂ ಹೇಳಿರಲಿಲ್ಲ. “ನಾಳೆಯಿಂದ ಕಸಬರಿಗೆ ಹಿಡಿಯೋ ಮುಂಚೆ ಲೋಟ ಹಿಡಿಯಮ್ಮ” ಎಂದರು.

ಹಾಗೆ ಒಂಬತ್ತು ವರ್ಷ ಅವಳು ಅವರ ಮೂಗಾದಳು. ಅವರು ಅವಳಿಗೆ ಅಕ್ಷರ ಕಲಿಸಿದರು. ಮೊದಲ ದಿನ “ಸರಿ”, ಎರಡನೆಯ ದಿನ “ಇಲ್ಲ”. ಮೂರನೆಯ ದಿನ ಒಂದು ನಿಯಮ: “ಮೊದಲು ಯಾವ ನಲ್ಲಿ ಅಂತ ಬರಿ. ಆಮೇಲೆ ಹೇಗಿದೆ ಅಂತ ಬರಿ. ನಲ್ಲಿ ಹೆಸರಿಲ್ಲದ ‘ಸರಿ’ಗೆ ಬೆಲೆ ಇಲ್ಲ.” ಉಳಿದ ಅಕ್ಷರಗಳನ್ನು ಅವಳು ಸಂಜೆಯ ಶಾಲೆಯಲ್ಲಿ, ತನಗಿಂತ ಚಿಕ್ಕ ವಯಸ್ಸಿನ ಮೇಷ್ಟರ ಎದುರು ಬೆಂಚಿನ ಮೇಲೆ ಕುಳಿತು, ಒಂದೊಂದಾಗಿ ಗೆದ್ದುಕೊಂಡಳು. ಪರೀಕ್ಷಕರು ನಿವೃತ್ತರಾಗುವ ದಿನ ಮೇಲಿನವರ ಮುಂದೆ ನಿಂತು ಸತ್ಯ ಹೇಳಿದರು. ಮೇಲಿನವರು ನಕ್ಕರು. ಆದರೆ ಲೋಟ ಅವಳ ಕೈಯಲ್ಲೇ ಉಳಿಯಿತು.

ಇನ್ನು ಈ ಕಥೆಯ ಗಲೀಜು.

ಪುರಸಭೆ ಕೆಳಬೀದಿಗಳ ಆರುನೂರು ಮನೆಗಳಿಗೆಂದು ಹೊಸ ಟ್ಯಾಂಕ್ ಕಟ್ಟಿಸಿತು. ಅದುವರೆಗೆ ಊರೆಲ್ಲ ಕುಡಿಯುತ್ತಿದ್ದುದು ಉತ್ತರದ ಬಾವಿಯ ನೀರನ್ನು. ಹೊಸ ಟ್ಯಾಂಕಿನಿಂದ ಬರುವ ಪೈಪನ್ನು, ಬೇರೆ ಕಡೆ ಅಗೆಯುವ ತಾಪತ್ರಯವೇಕೆಂದು, ಹಳೆಯ ಕೊಳಚೆ ಕಾಲುವೆಯ ಮಗ್ಗುಲಲ್ಲಿಯೇ ಮಲಗಿಸಿದರು. ಸೋಮವಾರ ಪ್ರಯೋಗಕ್ಕೆಂದು ಪುರಸಭೆಯ ಕಟ್ಟಡವೊಂದಕ್ಕೆ ಮಾತ್ರ ಆ ನೀರನ್ನು ಬಿಟ್ಟರು. ವಾಲ್ವ್ ತೆರೆದವಳು ನೀರಕ್ಕನೇ. ಕಟ್ಟಡದ ಹಿಂದಿನ ಕೈತೊಳೆಯುವ ನಲ್ಲಿಯಲ್ಲಿ ಲೋಟ ತುಂಬಿ, ನೂರು ಎಣಿಸಿ, ಅಂಗೈ ಸರಿಸಿದಳು. ಮೂರು ದಿನ ಬದಲಾಯಿಸದ ಹೂದಾನಿಯ ತಳದ ನೀರಿನ ವಾಸನೆ. ಅದರ ಹಿಂದೆ, ಬಾಗಿಲ ಮರೆಯಲ್ಲಿ ನಿಂತ ಕಳ್ಳನ ಹಾಗೆ, ಕಕ್ಕಸಿನ ವಾಸನೆ. ನಾಲಿಗೆಗೆ ಹಾಕದೆ ಚೆಲ್ಲಿ ಪುಸ್ತಕದಲ್ಲಿ ಬರೆದಳು: “ಹೊಸ ಟ್ಯಾಂಕ್ — ಸರಿಯಿಲ್ಲ.”

ಇಂಜಿನಿಯರ್ ಪಂಪ್‌ಹೌಸಿಗೆ ಓಡಿಬಂದ. ಹೊಸದಾಗಿ ಕೆಲಸಕ್ಕೆ ಸೇರಿದವನು. ಅಂಗಿಯ ಮಡಿಕೆ ಇನ್ನೂ ಮುರಿದಿರಲಿಲ್ಲ.

“ಅಕ್ಕಾ, ಏನಿದು ಹೀಗೆ ಬರೆದಿದೀರಿ? ಲ್ಯಾಬ್ ವರದಿ ಇದೆ ನನ್ನ ಹತ್ತಿರ. ಎಲ್ಲ ಸರಿ ಅಂತಿದೆ.”

“ಆ ನೀರನ್ನ ಯಾವತ್ತು ತುಂಬಿ ಕಳಿಸಿದ್ರಿ?”

“ಪೈಪ್ ಜೋಡಿಸೋ ಮುಂಚೆ. ಟ್ಯಾಂಕಿಂದಾನೇ ಸೀದಾ ತುಂಬಿದ್ವಿ.”

“ಹಾಗಾದ್ರೆ ಮದುವೆಗೆ ಮುಂಚೆ ತೆಗೆದ ಫೋಟೊ ತೋರಿಸಿ, ಮಗು ಯಾರ ಹಾಗಿದೆ ನೋಡಿ ಅಂತಿದೀರಿ.”

ಅವನ ಕಿವಿ ಕೆಂಪಾಯಿತು. “ಶನಿವಾರ ಉದ್ಘಾಟನೆ ಅಕ್ಕಾ. ಬ್ಯಾನರ್ ಅಚ್ಚಾಗಿದೆ. ಕಲ್ಲು ತರಿಸಿಯಾಗಿದೆ, ಹೆಸರು ಕೆತ್ತೋದೊಂದೇ ಬಾಕಿ. ನೀವು ಬರೆದಿರೋದು ಹೊರಗೆ ಗೊತ್ತಾದ್ರೆ ಒಂದು ಮನೆಯವರೂ ಆ ನೀರು ಮುಟ್ಟಲ್ಲ.”

“ಮುಟ್ಟಬಾರದು ಅಂತಲೇ ಬರೆದಿದ್ದು.”

ಆ ಆರುನೂರು ಮನೆಗಳಲ್ಲಿ ಅವಳದೂ ಒಂದು. ಅಲ್ಲಿ ಅವಳ ಐದು ತಿಂಗಳ ಮೊಮ್ಮಗ ಈಗಷ್ಟೇ ಚಮಚದಿಂದ ನೀರು ಕುಡಿಯಲು ಕಲಿಯುತ್ತಿದ್ದ.

ಮರುದಿನ ಪುರಸಭೆಯಿಂದ ಪತ್ರ ಬಂತು. ಗುರುವಾರದ ಸಾಮಾನ್ಯ ಸಭೆಯಲ್ಲಿ ಅವಳಿಗೆ ವರ್ಷದ ಉತ್ತಮ ನೌಕರ ಪ್ರಶಸ್ತಿ ಕೊಡುವುದಾಗಿ ತೀರ್ಮಾನವಾಗಿದೆ, ತಪ್ಪದೆ ಹಾಜರಿರಬೇಕು.

ಗುರುವಾರ ಬೆಳಿಗ್ಗೆ ಸೊಸೆ ಪೌಡರ್ ಡಬ್ಬಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

“ಅತ್ತೆ, ಫೋಟೊ ತೆಗೀತಾರೆ. ಸ್ವಲ್ಪವಾದ್ರೂ ಹಾಕ್ಕೊಳ್ಳಿ. ಒಂದು ದಿನಕ್ಕೆ ಮೂಗೇನು ಉದುರಿಹೋಗಲ್ಲ.”

“ಉದುರಿದ್ರೆ ನಿನ್ನ ಗಂಡ ಹುಡುಕಿ ತಂದು ಅಂಟಿಸ್ತಾನಾ?”

“ಅವರ ಚಪ್ಪಲಿ ಅವರ ಕಾಲಲ್ಲೇ ಇದ್ರೂ ಹುಡುಕಿಕೊಡೋಕೆ ನಾನು ಬೇಕು. ನಿಮ್ಮ ಮೂಗು ಎಲ್ಲಿ ಹುಡುಕ್ತಾರೆ ಬಿಡಿ.” ಸೊಸೆ ಡಬ್ಬಿಯನ್ನು ಕೆಳಗಿಟ್ಟಳು. ಅನಂತರ ದನಿ ತಗ್ಗಿಸಿ, “ಅಲ್ಲ ಅತ್ತೆ, ಇಪ್ಪತ್ತೊಂಬತ್ತು ವರ್ಷ ಕಣ್ಣಿಗೆ ಬೀಳದವರು ಈ ವಾರಾನೇ ಹೇಗೆ ಬಿದ್ರಿ? ಮೂಗಿಗೆ ತುಪ್ಪ ಸವರ್ತಿದಾರೆ. ನೆಕ್ಕೋಕೆ ಹೋಗಬೇಡಿ, ನಾಲಿಗೆಗೆ ಎಟುಕಲ್ಲ” ಎಂದಳು.

“ಅಷ್ಟು ಗೊತ್ತಿಲ್ವಾ ನನಗೆ?” ಎಂದು ನೀರಕ್ಕ ಗದರಿದಳು. ಗೊತ್ತಿತ್ತು. ಆದರೂ ಅಂದು ಬಟ್ಟೆಯನ್ನು ಎರಡು ಸಲ ಇಸ್ತ್ರಿ ಮಾಡಿದ್ದಳು. ಆ ಎರಡನೆಯ ಇಸ್ತ್ರಿಯನ್ನು ಅವಳು ಆಮೇಲೆ ಬಹಳ ದಿನ ಕ್ಷಮಿಸಿಕೊಳ್ಳಲಿಲ್ಲ.

ಸಭಾಂಗಣದಲ್ಲಿ ಗೋಡೆಯ ಬದಿಯ ಕುರ್ಚಿಯೊಂದನ್ನು ಅವಳಿಗೆ ತೋರಿಸಿದರು. ಕುದುರೆಲಾಳದಂತೆ ಬಾಗಿದ ಮೇಜಿನ ಸುತ್ತ ಅಧ್ಯಕ್ಷರೂ ಸೇರಿ ಹನ್ನೊಂದು ಸದಸ್ಯರು, ಪ್ರತಿಯೊಬ್ಬರ ಮುಂದೆ ಒಂದೊಂದು ಅಂಗಡಿ ನೀರಿನ ಬಾಟಲಿ. ಹಿಂಭಾಗದ ಬೆಂಚುಗಳಲ್ಲಿ ಕೆಳಬೀದಿಯ ಮೂವತ್ತು ನಲವತ್ತು ಜನ. ಕಿಟಕಿಗಳನ್ನು ಮುಚ್ಚಿದ್ದರು. ನೀರಕ್ಕ ಕಣ್ಣಿನಿಂದ ನೋಡುವ ಮೊದಲೇ ಆ ಸಭೆಯನ್ನು ಮೂಗಿನಿಂದ ಕಂಡಳು. ಕಪಾಟಿನಿಂದ ಅಂದೇ ತೆಗೆದ ಕೋಟಿನ ನುಸಿಗುಳಿಗೆ, ಬೆವರಿನ ಮೇಲೆ ಸುರಿದ ಅತ್ತರು, ಕೂದಲಿಗೆ ಬಳಿದ ಕಪ್ಪು ಬಣ್ಣ, ಎರಡು ಸಲ ಕಾಯಿಸಿದ ಎಣ್ಣೆಯಲ್ಲಿ ಕರಿದ ತಿಂಡಿ. ಒಬ್ಬ ಸದಸ್ಯ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದು, ಬಂದುದನ್ನು ಪರಿಶೀಲಿಸಿ, ಮೇಜಿನ ಕೆಳಗೆ ಒರೆಸಿದ. ಇನ್ನೊಬ್ಬ ಕಾರ್ಯಸೂಚಿಯ ಹಾಳೆಯ ಮೂಲೆಯನ್ನು ಚೂಪಾಗಿ ಮಡಿಸಿ ಹಲ್ಲುಸಂದಿಯ ತಿಂಡಿಯನ್ನು ಕೆದಕುತ್ತಿದ್ದ. ಅದೇ ಹಾಳೆಯ ನಾಲ್ಕನೆಯ ಸಾಲಿನಲ್ಲಿ ಅವಳ ಪ್ರಶಸ್ತಿ ಇತ್ತು.

ಮೊದಲನೆಯ ವಿಷಯ, ಹಿಂದಿನ ಸಭೆಯ ನಡವಳಿ. ಯಾರೂ ಓದಲಿಲ್ಲ, ಎಲ್ಲರೂ ಒಪ್ಪಿದರು. ಎರಡನೆಯದು, ಉದ್ಯಾನದ ಬೆಂಚುಗಳಿಗೆ ಹಸಿರು ಬಳಿಯಬೇಕೋ ಕಂದು ಬಳಿಯಬೇಕೋ ಎಂಬುದು. ಇದಕ್ಕೆ ನಲವತ್ತು ನಿಮಿಷ ಹಿಡಿಯಿತು. ಹಸಿರು ಬಳಿದರೆ ಹುಲ್ಲಿನಲ್ಲಿ ಬೆಂಚು ಕಾಣದೆ ಜನ ಎಡವುತ್ತಾರೆಂದು ಒಬ್ಬರು ವಾದಿಸಿದರು.

“ಉದ್ಯಾನದಲ್ಲಿ ಹುಲ್ಲೆಲ್ಲಿದೆ ಸ್ವಾಮಿ?” ಎಂದು ಹಿಂದಿನ ಬೆಂಚಿನ ದರ್ಜಿ ಕೂಗಿದ. “ಎಡವೋಕಾದ್ರೂ ಸ್ವಲ್ಪ ಬೆಳೆಸಿ!”

“ಸಾರ್ವಜನಿಕರು ಮೌನವಾಗಿರಬೇಕು” ಎಂದರು ಅಧ್ಯಕ್ಷರು. ಅಗಲ ಮುಖ, ಮೃದು ಕೈ, ಸೋರುವ ನಲ್ಲಿಯಂತೆ ಒಂದೇ ಸಮನೆ ತೊಟ್ಟಿಕ್ಕುವ ನಗೆ.

ಮೂರನೆಯದು, ಹೊಸ ಟ್ಯಾಂಕಿನ ಉದ್ಘಾಟನೆಯ ಕಲ್ಲಿನಲ್ಲಿ ಹೆಸರುಗಳ ಕ್ರಮ. ಇಬ್ಬರು ಸದಸ್ಯರು ಎದ್ದು ನಿಂತು ಒಬ್ಬರನ್ನೊಬ್ಬರು ಏಕವಚನದಲ್ಲಿ ಮಾತಾಡಿಸಿದರು. ಆ ಟ್ಯಾಂಕಿನಲ್ಲಿ ನೀರೆಂಬುದೊಂದು ಇರುತ್ತದೆಂದು ಆ ಇಡೀ ಹೊತ್ತಿನಲ್ಲಿ ಒಬ್ಬರ ಬಾಯಿಯಿಂದಲೂ ಬರಲಿಲ್ಲ.

ನಾಲ್ಕನೆಯದು ಅವಳದು. ಮೇಜಿನ ಮುಂದೆ ಕರೆದು ನಿಲ್ಲಿಸಿದರು. ನಡವಳಿ ಬರೆಯುವ ಗುಮಾಸ್ತೆ ಎದ್ದು ಪ್ರಶಸ್ತಿಪತ್ರವನ್ನು ಗಂಭೀರವಾಗಿ ಓದಿದಳು: “...ಇವರು ತಮ್ಮ ಸುದೀರ್ಘ ಸೇವೆಯಲ್ಲಿ ಒಂದೇ ಒಂದು ಅಪಘಾತವಿಲ್ಲದೆ ವಾಹನವನ್ನು ಚಲಾಯಿಸಿ, ಊರಿನ ಕಸವನ್ನು ಸಕಾಲದಲ್ಲಿ ಸಾಗಿಸಿ...”

ಹೋದ ವರ್ಷ ಪ್ರಶಸ್ತಿ ಪಡೆದವನು ಕಸದ ಲಾರಿಯ ಚಾಲಕ. ಹೆಸರು ಬದಲಾಗಿತ್ತು, ಉಳಿದದ್ದು ಹಾಗೆಯೇ ಇತ್ತು. ಹನ್ನೊಂದು ಜನರಲ್ಲಿ ಒಬ್ಬರ ಹುಬ್ಬೂ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ಲಾಸ್ಟಿಕ್ ಹೊದಿಸಿದ ಆ ದಪ್ಪ ಹಾಳೆಯನ್ನು ಅವಳು ತೆಗೆದುಕೊಂಡಳು. ಹೂಗುಚ್ಛ ಕೊಟ್ಟರು, ಅದಕ್ಕೆ ಅತ್ತರು ಎರಚಿದ್ದರು. ಉಸಿರು ಹಿಡಿದುಕೊಂಡು ಅದನ್ನು ತೋಳಿನಷ್ಟು ದೂರದಲ್ಲೇ ಇಸಿದುಕೊಂಡು ಪಕ್ಕದ ಕುರ್ಚಿಯ ಮೇಲೆ ಮಲಗಿಸಿದಳು. ಅಧ್ಯಕ್ಷರು ಕೈಕುಲುಕಿದರು. ಬೆಚ್ಚಗೆ, ತೇವವಾಗಿ, ಉಗುಳಿದ ಗೋಂದಿನಂತಿತ್ತು ಆ ಕೈ.

“ಸಭಿಕರೇ,” ಎಂದರು ಅವರು, ಹಿಂದಿನ ಬೆಂಚುಗಳತ್ತ ತಿರುಗಿ. “ಹೊಸ ಟ್ಯಾಂಕಿನ ನೀರಿನ ಬಗ್ಗೆ ಕೆಲವರು ಇಲ್ಲದ್ದು ಸಲ್ಲದ್ದು ಹಬ್ಬಿಸ್ತಿದಾರೆ. ನಮಗೆ ಲ್ಯಾಬ್ ವರದಿಗಿಂತ ನಮ್ಮ ನೀರಕ್ಕ ದೊಡ್ಡವರು. ಈಗ ಅವರು ಆ ನೀರನ್ನ ನಿಮ್ಮೆಲ್ಲರ ಎದುರು ಮೂಸಿ ಹೇಳ್ತಾರೆ. ಅವರ ಮಾತೇ ಕೊನೆ. ಸರಿ ಅಂದ್ರೆ ಶನಿವಾರ ಕೆಳಬೀದಿಗೆ ಬಿಡ್ತೀವಿ. ಸರಿಯಿಲ್ಲ ಅಂದ್ರೆ ಬಿಡಲ್ಲ. ಆಯ್ತಾ?”

ಹಿಂದಿನಿಂದ ನಿಜವಾದ ಚಪ್ಪಾಳೆ ಬಂತು. ನೀರಕ್ಕನಿಗೆ ಅಚ್ಚರಿಯಾಯಿತು. ತಾನು ಈ ಮನುಷ್ಯನನ್ನು ತಪ್ಪು ತಿಳಿದಿದ್ದೆನೇನೋ ಎಂದುಕೊಂಡಳು. ಎದೆ ಒಂದು ಕ್ಷಣ ಹಗುರಾಯಿತು.

ಮುದುಕ ಜವಾನ ತಟ್ಟೆಯ ಮೇಲೆ ಒಂದು ಲೋಟ ನೀರು ತಂದಿಟ್ಟ. ಅವನನ್ನು ಅವಳು ಇಪ್ಪತ್ತು ವರ್ಷದಿಂದ ಅಣ್ಣಾ ಎಂದು ಕರೆಯುತ್ತಿದ್ದಳು. ಅಂದು ಅವನು ಅವಳ ಮುಖ ನೋಡಲಿಲ್ಲ.

ಅವಳು ಅಂಗೈಯಿಂದ ಲೋಟದ ಬಾಯಿ ಮುಚ್ಚಿ ಎಣಿಸತೊಡಗಿದಳು. ಇಪ್ಪತ್ತಕ್ಕೆ ಸದಸ್ಯರಲ್ಲೊಬ್ಬ ಕಿಸಕ್ಕನೆ ನಕ್ಕ. ನೂರಕ್ಕೆ ಅಂಗೈ ಸರಿಸಿ ಮೂಸಿದಳು.

ಮಳೆ ನಿಂತ ಮೇಲೆ ಒಣಗುತ್ತಿರುವ ಕಲ್ಲಿನ ವಾಸನೆ. ಅದರೊಳಗೆ ಕೂದಲೆಳೆಯಷ್ಟು ತುಕ್ಕು. ನಾಲಿಗೆಯ ಮೇಲೆ ಹೊರಳಿಸಿದಳು: ತಂಪು, ಸ್ವಲ್ಪ ಗಡಸು, ಕೊನೆಯಲ್ಲಿ ಸಿಹಿ. ಬಹಳ ಒಳ್ಳೆಯ ನೀರು. “ಚೆನ್ನಾಗಿದೆ” ಎಂಬ ಮಾತು ತುಟಿಯವರೆಗೆ ಬಂದೇಬಿಟ್ಟಿತು. ಪೈಪು ರಿಪೇರಿ ಮಾಡಿಸಿದ್ದಾರೆ, ಅಂತೂ ನನ್ನ ಪುಸ್ತಕಕ್ಕೆ ಬೆಲೆ ಕೊಟ್ಟರು ಎಂದುಕೊಳ್ಳುವಷ್ಟರಲ್ಲಿ ಆ ಕೂದಲೆಳೆಯ ತುಕ್ಕು ಮತ್ತೆ ಮೂಗಿಗೆ ತಗುಲಿತು.

ಅದು ಏಣಿಯ ತುಕ್ಕು. ಉತ್ತರದ ಬಾವಿಯೊಳಗೆ ಅವಳ ಗಂಡನ ಕಾಲದಿಂದಲೂ ಇಳಿಬಿದ್ದಿರುವ ಕಬ್ಬಿಣದ ಏಣಿಯದು. ಹೊಸ ಟ್ಯಾಂಕಿನಲ್ಲಿ ಏಣಿಯಿಲ್ಲ, ಕಲ್ಲಿಲ್ಲ, ಎಲ್ಲ ಸಿಮೆಂಟು. ಬಾಗಿಲಾಚೆ ಮಗನ ಹೆಜ್ಜೆಯನ್ನು ಗುರುತಿಸುವ ಹಾಗೆ ಅವಳು ಆ ನೀರನ್ನು ಗುರುತಿಸಿದಳು. ಅಂದು ಬೆಳಿಗ್ಗೆ ಐದಕ್ಕೆ ಅದನ್ನೇ ಮೂಸಿದ್ದಳು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮೂಸಿದ್ದಳು.

ಆಗ ಅವಳಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದೊಡನೆ, ಒಳ್ಳೆಯ ನೀರನ್ನು ಬಾಯಲ್ಲಿಟ್ಟುಕೊಂಡೇ, ಅವಳಿಗೆ ಸೋಮವಾರದ ಆ ಕಕ್ಕಸಿನ ವಾಸನೆಗಿಂತ ಹೆಚ್ಚು ಹೇಸಿಗೆಯಾಯಿತು. ಅವಳಿಂದ ಸುಳ್ಳು ಹೇಳಿಸಲು ಬಂದಿದ್ದರೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ. ಸುಳ್ಳು ಕೇಳುವವನು ಕೊನೆಗೆ ನಿನ್ನಲ್ಲಿ ಸತ್ಯವಿದೆಯೆಂದಾದರೂ ಒಪ್ಪಿಕೊಂಡಿರುತ್ತಾನೆ, ಅದನ್ನು ಮುಟ್ಟದೆ ಬಿಟ್ಟಿರುತ್ತಾನೆ. ಇವರು ಬಂದದ್ದು ಅವಳ ಸತ್ಯಕ್ಕೇ. ಅವಳು ನಿಜವನ್ನೇ ನುಡಿಯಬೇಕಿತ್ತು, ಅವಳ ನಿಜದಿಂದಲೇ ಆರುನೂರು ಮನೆಗಳ ಬಾಯಿಗೆ ಕೊಳಚೆ ಸುರಿಯಬೇಕಿತ್ತು.

ಅವಳು ಬಾಯಲ್ಲಿದ್ದ ನೀರನ್ನು ಉಗುಳಲಿಲ್ಲ, ನುಂಗಿದಳು.

“ಚೆನ್ನಾಗಿದೆ” ಎಂದಳು.

ಹನ್ನೊಂದು ಜೋಡಿ ಕೈಗಳು ಚಪ್ಪಾಳೆ ತಟ್ಟಿದವು. ಗುಮಾಸ್ತೆ ಬರೆದುಕೊಂಡಳು. ನೀರಕ್ಕ ತನ್ನ ಕೈಯೆತ್ತಿದಳು.

“ನಿಲ್ಲಿ. ನನ್ನ ಪುಸ್ತಕದಲ್ಲಿ ಮೊದಲು ಯಾವ ನಲ್ಲಿ ಅಂತ ಬರೀತೀನಿ. ಇದು ಉತ್ತರದ ಬಾವಿ ನೀರು. ಹೊಸ ಟ್ಯಾಂಕಿಂದಲ್ಲ.”

ಅಧ್ಯಕ್ಷರ ನಗೆ ಒಂದು ತೊಟ್ಟು ತಪ್ಪಿತು. “ಏನಕ್ಕಾ ತಮಾಷೆ ಮಾಡ್ತೀರಿ. ನೀರಿಗೂ ಊರು ಕೇರಿ ಅಂತ ಇರುತ್ತಾ?”

“ಓಟಿಗೆ ಮಾತ್ರ ಇರುತ್ತೆ ಅಂದ್ಕೊಂಡ್ರಾ?”

ಬೆಂಚುಗಳಲ್ಲಿ ನಗು ಹರಿಯಿತು. ಅವಳು ಜವಾನನತ್ತ ತಿರುಗಿದಳು. “ಅಣ್ಣಾ, ಈ ಲೋಟ ಎಲ್ಲಿ...” ಎಂದವಳು ಅವನ ಮುಖ ನೋಡಿ ಮಾತು ನಿಲ್ಲಿಸಿದಳು. ಅವನ ನಿವೃತ್ತಿಗೆ ಎರಡು ತಿಂಗಳಿತ್ತು. “ಬೇಡ. ನೀವು ಏನೂ ಹೇಳಬೇಡಿ. ನಾನೇ ತರ್ತೀನಿ.”

ಯಾರಾದರೂ ತಡೆಯುವ ಮೊದಲೇ ಅವಳು ಇನ್ನೊಂದು ಖಾಲಿ ಲೋಟ ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಹೊರಟಳು. ದರ್ಜಿಯೂ ಇಬ್ಬರು ಹೆಂಗಸರೂ ಎದ್ದು ಹಿಂಬಾಲಿಸಿದರು. ಕೈತೊಳೆಯುವ ನಲ್ಲಿ ಕೆಮ್ಮಿ, ಗೊರಗೊರ ಎಂದು, ನೀರು ಕಾರಿದ ಸದ್ದು ಸಭಾಂಗಣದವರೆಗೆ ಕೇಳಿಸಿತು. ಮರಳಿ ಬಂದು ಆ ಲೋಟವನ್ನು ಅಧ್ಯಕ್ಷರ ಬಾಟಲಿಯ ಪಕ್ಕದಲ್ಲಿಟ್ಟಳು.

“ಇದು ಹೊಸ ಟ್ಯಾಂಕಿನ ನೀರು. ಸೋಮವಾರದಿಂದ ಈ ಕಟ್ಟಡಕ್ಕೆ ಇದೇ ಬರ್ತಿದೆ. ವಾಲ್ವ್ ತೆರೆದವಳು ನಾನು. ನೀವೆಲ್ಲ ಕೈತೊಳೆದು ಮೂಗು ಸಿಂಡರಿಸೋದೂ, ಮೇಜಿನ ಮೇಲೆ ಬಾಟಲಿ ಬಂದಿದ್ದೂ ಸೋಮವಾರದಿಂದಲೇ. ಕುಡೀರಿ.”

“ನನಗೆ... ಶೀತ ಆಗಿದೆ” ಎಂದರು ಅಧ್ಯಕ್ಷರು.

“ಶೀತ ಆಗಿದ್ರೆ ಒಳ್ಳೇದೇ. ವಾಸನೆ ಬರಲ್ಲ.”

ಲೋಟ ಪಕ್ಕಕ್ಕೆ ಸರಿಯಿತು. ಉಪಾಧ್ಯಕ್ಷರಿಗೆ ಡಾಕ್ಟರು ಬಿಸಿನೀರು ಬಿಟ್ಟು ಬೇರೇನೂ ಕುಡಿಯಬಾರದೆಂದಿದ್ದರಂತೆ. ಹಲ್ಲು ಕೆದಕುತ್ತಿದ್ದವನು ಈಗತಾನೆ ಕಾಫಿ ಕುಡಿದಿದ್ದನಂತೆ. ಕಿವಿ ಕೆರೆಯುತ್ತಿದ್ದವನು ಈ ವಿಷಯ ತನ್ನ ವಾರ್ಡಿಗೆ ಸಂಬಂಧಿಸಿದ್ದಲ್ಲ ಎಂದ. ಸದಸ್ಯೆಯೊಬ್ಬಳು ಉಗುರಿನ ತುದಿಯಿಂದ, ಸತ್ತ ಜಿರಲೆಯನ್ನು ತಳ್ಳುವ ಹಾಗೆ, ಮುಂದಿನವನತ್ತ ತಳ್ಳಿದಳು. ಆ ಲೋಟ ಕುದುರೆಲಾಳದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರಯಾಣ ಮಾಡಿತು. ಒಂದು ಹನಿಯೂ ಕಡಿಮೆಯಾಗಲಿಲ್ಲ. ಅಲ್ಲಿ ಇಂಜಿನಿಯರ್ ನಿಂತಿದ್ದ.

“ಲ್ಯಾಬ್ ವರದಿ ಇದೆಯಲ್ಲಪ್ಪ ನಿನ್ನ ಹತ್ತಿರ,” ಎಂದ ದರ್ಜಿ. “ವರದಿ ನಂಚಿಕೊಂಡು ಕುಡಿ.”

ಅವನು ಲೋಟವನ್ನೆತ್ತಿದ. ತುಟಿಗೆ ತಾಗಿಸುವಷ್ಟು ಹತ್ತಿರ ತಂದ. ಕಣ್ಣಲ್ಲಿ ನೀರು ತುಂಬಿತು. ಕೆಳಗಿಟ್ಟು, ಯಾರನ್ನೂ ನೋಡದೆ, “ಅಧ್ಯಕ್ಷರೇ, ಪೈಪನ್ನ ಇನ್ನೊಮ್ಮೆ ಅಗೆದು ನೋಡಬೇಕಾಗುತ್ತೆ” ಎಂದ. ಆ ಕೋಣೆಯಲ್ಲಿ ಅಂದು ಕೂಲಿಗೆ ತಕ್ಕ ಮಾತಾಡಿದ ಒಬ್ಬನೇ ಗಂಡಸು ಅವನು. ಅವನ ದನಿ ಅಳುವಂತಿತ್ತು.

“ನಮ್ಮ ಮಕ್ಕಳು ದಿನಾ ಕುಡೀಬೇಕಾದ್ದನ್ನ ನೀವು ಒಂದು ದಿನ ಕುಡಿಯೋಕಾಗಲ್ವಾ?” ಎಂದು ಬೆಂಚಿನಿಂದ ಒಬ್ಬಳು ಕೂಗಿದಳು. ಅನಂತರ ಎಲ್ಲರೂ ಒಟ್ಟಿಗೆ ಕೂಗತೊಡಗಿದರು.

“ಕಾಲಾವಕಾಶದ ಕೊರತೆಯಿಂದ ಈ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ!” ಎಂದು ಅಧ್ಯಕ್ಷರು ಮೇಜು ಕುಟ್ಟಿದರು. ಬೆಂಚಿನ ಬಣ್ಣಕ್ಕೆ ನಲವತ್ತು ನಿಮಿಷವಿದ್ದ ಸಭೆಯಲ್ಲಿ ಕಾಲ ಮುಗಿದುಹೋಗಿತ್ತು. ಅವರು ಎದ್ದು ನೀರಕ್ಕನ ಪಕ್ಕಕ್ಕೆ ಬಂದು, ನಗೆಯನ್ನು ಹಾಗೆಯೇ ಇಟ್ಟುಕೊಂಡು, ಮೆಲ್ಲಗೆ ಹೇಳಿದರು: “ನಿವೃತ್ತಿಗೆ ಎರಡು ವರ್ಷ ಇದೆಯಲ್ಲ? ಮರ್ಯಾದೆಯಿಂದ ಮುಗಿಸ್ಕೊಳ್ಳಿ.”

“ಮುಗಿಸ್ತೀನಿ,” ಎಂದಳು ನೀರಕ್ಕ. “ಅಲ್ಲೀತನಕ ಕೀಲಿ ನನ್ನ ಹತ್ತಿರಾನೇ ಇರುತ್ತೆ.”

ಮೇಜಿನ ಮೇಲೆ ಆ ಲೋಟವನ್ನು ಹಾಗೆಯೇ ಬಿಟ್ಟುಹೋದರೆ ಯಾರಾದರೂ ಚೆಲ್ಲಿಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಇಂಜಿನಿಯರ್ ಮತ್ತೆ ಲ್ಯಾಬಿಗೆ ಕಳಿಸುವುದಾದರೆ ಈ ನೀರನ್ನೇ ಕಳಿಸಬೇಕು. ಮುಚ್ಚಲು ಏನಾದರೂ ಸಿಕ್ಕೀತೇ ಎಂದು ನೋಡಿದಳು. ಕೈಯಲ್ಲಿ ಪ್ರಶಸ್ತಿಪತ್ರವಿತ್ತು, ದಪ್ಪಗೆ, ಪ್ಲಾಸ್ಟಿಕ್ ಹೊದ್ದು. ಅದನ್ನು ಲೋಟದ ಮೇಲೆ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿಹಿಡಿದು, ನಿಧಾನವಾಗಿ ನಡೆದಳು. ಹೂಗುಚ್ಛ ಕುರ್ಚಿಯ ಮೇಲೆಯೇ ಉಳಿಯಿತು.

ಮೊಗಸಾಲೆಯಲ್ಲಿ ಜವಾನ ಕಾದಿದ್ದ. “ತಂಗೀ, ನನ್ನ ಮೇಲೆ ಕೋಪ ಮಾಡ್ಕೋಬೇಡಮ್ಮ. ‘ಅವಳಿಗೆ ಸುಳ್ಳು ಹೇಳೋಕೆ ಬರಲ್ಲ, ಸತ್ಯಾನೇ ಹೇಳಿಸೋಣ’ ಅಂದ್ರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ.”

“ಬಾವಿ ನೀರು ಯಾಕೆ ತಂದ್ರಿ ಅಣ್ಣಾ? ಬಾಟಲಿ ನೀರು ಕೊಟ್ಟಿದ್ರೆ ನನಗೆ ಗುರುತೇ ಸಿಗ್ತಿರಲಿಲ್ಲ.”

“ಬಾಟಲಿ ಹನ್ನೊಂದೇ ಬಂದಿದ್ದು,” ಎಂದ ಅವನು. “ಒಬ್ಬರೂ ತಮ್ಮದು ಬಿಟ್ಟುಕೊಡಲಿಲ್ಲ.”

ಪಂಪ್‌ಹೌಸಿನಲ್ಲಿ ಅವಳು ಮೊದಲು ಕೈತೊಳೆದಳು, ಮೊಣಕೈವರೆಗೆ, ಬಾವಿಯ ನೀರಿನಲ್ಲಿ. ಆ ಕೈಕುಲುಕಿನ ಅಂಟು ಮೂರನೆಯ ಸಲಕ್ಕೆ ಹೋಯಿತು. ಲೋಟವನ್ನು ಕಪಾಟಿನಲ್ಲಿಟ್ಟು, ಮೇಲಿನ ಪ್ರಶಸ್ತಿಪತ್ರದ ಮೇಲೊಂದು ಕಲ್ಲು ಹೇರಿದಳು. ಸಂಜೆ ಇಂಜಿನಿಯರ್ ತಾನಾಗಿಯೇ ಬಂದು, ತಲೆತಗ್ಗಿಸಿ, ಆ ನೀರನ್ನು ಸೀಸೆಗೆ ತುಂಬಿಸಿ ಮೊಹರು ಮಾಡಿ ಒಯ್ದ.

“ಪ್ರಶಸ್ತಿ ಎಲ್ಲಿ ಅತ್ತೆ?” ಎಂದಳು ಸೊಸೆ, ಮನೆಗೆ ಬಂದೊಡನೆ.

“ಮುಚ್ಚಳ ಆಗಿದೆ.”

“ಯಾವುದಕ್ಕೆ?”

“ನಾರೋ ನೀರಿಗೆ.”

ಸೊಸೆ ಬಾಯಿಯ ಮೇಲೆ ಕೈಯಿಟ್ಟು ನಕ್ಕು ನಕ್ಕು ಕೊನೆಗೆ, “ಫೋಟೊ ಆದ್ರೂ ತೆಗೆದ್ರಾ?” ಎಂದಳು.

“ತೆಗೆದ್ರು. ಅಸಹ್ಯವಾಗಿ ಬಂದಿರುತ್ತೆ. ಅವರ ಮಧ್ಯೆ ನಿಂತಿದ್ದೆನಲ್ಲ.”

ಶನಿವಾರ ಬೆಳಿಗ್ಗೆ ಪಂಪ್‌ಹೌಸಿಗೆ ಹೋಗುವ ದಾರಿಯಲ್ಲಿ ಪುರಸಭೆಯ ಸೂಚನಾ ಫಲಕದ ಮುಂದೆ ಅವಳು ನಿಂತಳು. ಕಂಬದ ದೀಪ ಇನ್ನೂ ಆರಿರಲಿಲ್ಲ. ಬ್ಯಾನರ್ ತೂಗುತ್ತಿತ್ತು, ತಾರೀಖಿನ ಮೇಲೆ ಮಾತ್ರ ಬಿಳಿ ಕಾಗದ ಅಂಟಿಸಿದ್ದರು. ಫಲಕದಲ್ಲಿ ಗುರುವಾರದ ಸಭೆಯ ನಡವಳಿಯನ್ನು ಅಂಟಿಸಿದ್ದರು. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದುವುದು ಅವಳ ಸಂಜೆಶಾಲೆಯ ಅಭ್ಯಾಸ.

ವಿಷಯ ನಾಲ್ಕು: ಉತ್ತಮ ನೌಕರ ಪ್ರಶಸ್ತಿ ಪ್ರದಾನ ಮಾಡಲಾಯಿತು. ಪ್ರಶಸ್ತಿ ಪುರಸ್ಕೃತರು ಸಭೆಯ ಎದುರು ನೀರನ್ನು ಪರೀಕ್ಷಿಸಿ “ಚೆನ್ನಾಗಿದೆ” ಎಂದರು. ಸಭೆ ಕರತಾಡನ ಮಾಡಿತು.

ವಿಷಯ ಐದು: ಕಾಲಾವಕಾಶದ ಕೊರತೆಯಿಂದ ಮುಂದೂಡಲಾಗಿದೆ.

ಒಂದೊಂದು ಶಬ್ದವೂ ನಿಜ. ಸುಳ್ಳೆಂದು ತೋರಿಸಲು ಒಂದು ಅಕ್ಷರವೂ ಇರಲಿಲ್ಲ. ಮುಂದಿನ ಸಭೆಯಲ್ಲಿ ಈ ಹಾಳೆಯನ್ನೇ ಯಾರೂ ಓದದೆ ಎಲ್ಲರೂ ಒಪ್ಪುತ್ತಾರೆ. ಅದರ ಮರುದಿನ ಹೊಸ ಟ್ಯಾಂಕಿನ ವಾಲ್ವ್ ತೆರೆಯಲು ಇಷ್ಟು ಸಾಕು. ಅವಳ ಬಾಯಲ್ಲಿ ನೀರೂರಿತು, ವಾಂತಿಗೆ ಮೊದಲು ಊರುವ ಉಪ್ಪು ನೀರು. ಪಕ್ಕಕ್ಕೆ ಉಗುಳಿದಳು.

ಅನಂತರ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು, “ನೀರನ್ನು” ಎಂಬುದರ ಹಿಂದೆ, ದಪ್ಪ ಅಕ್ಷರಗಳಲ್ಲಿ, “ಉತ್ತರದ ಬಾವಿಯ” ಎಂದು ಬರೆದಳು. ಹಾಳೆಯ ಅಡಿಯಲ್ಲಿ ಒಂದು ಸಾಲು: “ಹೊಸ ಟ್ಯಾಂಕ್ — ಸರಿಯಿಲ್ಲ. ಹನ್ನೊಂದು ಜನರ ಮುಂದೆ ಇಟ್ಟೆ. ಒಬ್ಬರೂ ಕುಡಿಯಲಿಲ್ಲ.” ಅದರ ಕೆಳಗೆ ಪೂರ್ಣ ಸಹಿ, ಸಂಜೆಶಾಲೆಯಲ್ಲಿ ಕಲಿತದ್ದು.

ಬ್ಯಾನರಿಗೆ ಬಿಳಿ ಕಾಗದ ಅಂಟಿಸಲೆಂದು ನಸುಕಿನಲ್ಲೇ ಬಂದಿದ್ದ ಗುಮಾಸ್ತೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. “ಅಯ್ಯೋ ಅಮ್ಮಾ! ನಡವಳಿ ಮೇಲೆ ಹಾಗೆಲ್ಲ ಬರೀಬಾರದು!”

“ನೀವು ಅರ್ಧ ಬರೆದಿದ್ರಿ,” ಎಂದಳು ನೀರಕ್ಕ. “ಉಳಿದದ್ದು ನಾನು ಬರೆದೆ. ಅಳಿಸೋದಾದ್ರೆ ಕೆಳಬೀದಿಯವರು ಓದಿ ಹೋದ ಮೇಲೆ ಅಳಿಸಿ. ಆರು ಗಂಟೆಗೆ ಬರ್ತಾರೆ.”

ಗುಮಾಸ್ತೆ ಅತ್ತಿತ್ತ ನೋಡಿದಳು. ಏನನ್ನೂ ಅಳಿಸದೆ ಒಳಗೆ ಹೋದಳು. ನೀರಕ್ಕ ಪಂಪ್‌ಹೌಸಿಗೆ ನಡೆದು, ಲೋಟವನ್ನು ಮೂರು ಸಲ ತೊಳೆದು, ನಾಲ್ಕನೆಯ ಸಲ ಅರ್ಧ ತುಂಬಿ, ಎಣಿಸಲು ಶುರುಮಾಡಿದಳು.